ಗಡಿಯಾಚೆಯ ಗಣಿತ ಪುಸ್ತಕ

ಪಿಯುಸಿ ಎರಡನೇ ವರ್ಷದ ಗಣಿತವನ್ನು ನಾನು ಯಾರ ಹತ್ತಿರವೂ ಕಲಿತವಳಲ್ಲ, ನಾನೇ ಕಲಿತದ್ದು. ಇದನ್ನು ಕೇಳಿದವರು ಶಹಬ್ಬಾಸ್ ಅನ್ನುತ್ತಾರೆ. ಏನು ಶಹಬ್ಬಾಸ್, ಮಣ್ಣು!

ಭಾಲ್ಕಿಯ ನಮ್ಮ ಕಾಲೇಜಿನಲ್ಲಿ ಆ ವರ್ಷ ಗಣಿತದ ಉಪನ್ಯಾಸಕರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರು ಎಂಟು ದಿನ ಪಾಠ ಮಾಡಿ ಬಿಟ್ಟುಹೋದರು. ಅನುಕೂಲ ಇದ್ದವರು ಬೀದರಿಗೆ ಟ್ಯೂಷನ್ನಿಗೆ ಓಡಾಡತೊಡಗಿದರು. ಪ್ರಾಚಾರ್ಯರ ಹತ್ತಿರ ಹೋದರೆ, "ಇನ್ನೊಬ್ಬರು ಬರ್ತಾರ, ತಡೀರಿ. ಅಷ್ಟು ಅವಸರ ಇದ್ರ ಆರ್ಟ್ಸಿಗಿ ಹೋಗ್ರಿ" ಅಂದರು. ನನಗೆ ಮೈಯೆಲ್ಲ ಉರಿಯಿತು. "ಯಾರೂ ಬ್ಯಾಡ್ರಿ, ನಾವೇ ಕಲೀತೇವಿ" ಎಂದು ಬಂದುಬಿಟ್ಟೆ. ನಾವು ಅಂದರೆ ನಾನು ಮತ್ತು ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಮನ್ನಳ್ಳಿಯ ಗೆಳತಿ. ಆಕೆಯನ್ನು ನಾನು ಒಂದು ಮಾತು ಕೇಳಿರಲಿಲ್ಲ.

ಆಕೆಯ ಅಪ್ಪ ಕುರಿ ಸಾಕುವವರು. "ಪಾಸಾದ್ರ ಬೀದರಿಗಿ ಡಿಗ್ರಿಗಿ ಕಳಸ್ತೇನಿ. ಫೇಲಾದ್ರ ಸಾಲಿ ಬಂದ್" ಎಂದು ನನ್ನೆದುರಿಗೇ ಆಕೆಗೆ ಹೇಳಿದ್ದರು. ಆಡಿದ್ದೇ ಆಡಿದ್ದು, ಅಂಥ ಮನುಷ್ಯ. ನಮ್ಮ ಮನೆಯಲ್ಲಿ ಹಾಗೇನಿಲ್ಲ, ನಾನು ಫೇಲಾದರೆ ಮತ್ತೆ ಪರೀಕ್ಷೆ ಕಟ್ಟುತ್ತಿದ್ದೆ.

ನಮ್ಮೂರು ಔರಾದ ತಾಲ್ಲೂಕಿನ ಎಕಂಬಾ. ಅಲ್ಲಿಂದ ಮಹಾರಾಷ್ಟ್ರ ಹತ್ತಿರ, ನಮ್ಮ ಸೋದರತ್ತೆಯ ಮನೆ ಆ ಕಡೆಯೇ. ಅತ್ತೆಯ ಮಗ ಅಲ್ಲಿ ಹನ್ನೆರಡನೇ ತರಗತಿ ಮುಗಿಸಿದ್ದ, ಅವನ ಗಣಿತ ಪುಸ್ತಕ ತಂದೆ. ಪುಸ್ತಕ ಇಂಗ್ಲಿಷಿನದು. ಆದರೆ ಅಂಚಿನ ತುಂಬ ಅವನು ಪೆನ್ಸಿಲಿನಲ್ಲಿ, ಈ ಸಾಲು ಎಲ್ಲಿಂದ ಬಂತು, ಇಲ್ಲಿ ಚಿಹ್ನೆ ಯಾಕೆ ತಿರುಗಿತು ಎಂದು ಮರಾಠಿಯಲ್ಲಿ ಬರೆದುಕೊಂಡಿದ್ದ. ಮನೆಯಲ್ಲಿ ಅರ್ಧ ಮರಾಠಿ ಆಡುವ ನಮಗೆ ಇನ್ನೇನು ಬೇಕು? ನಮ್ಮ ರಾಜ್ಯದ ಪುಸ್ತಕದ ತಂಟೆಗೇ ಹೋಗಲಿಲ್ಲ.

ಬೆಳಿಗ್ಗೆ ನಾಷ್ಟಾ ಆದಮೇಲೆ ಹಾಸ್ಟೆಲಿನ ಮಾಳಿಗೆಯ ಮೇಲೆ ಕೂರುತ್ತಿದ್ದೆವು. ಬಿಡಿಸಿದ ಲೆಕ್ಕವನ್ನು ನೋಡುವುದು, ಪುಸ್ತಕ ಮುಚ್ಚುವುದು, ಬರೆಯುವುದು. ಸಿಕ್ಕಿಹಾಕಿಕೊಂಡರೆ ಮುಂದಿನ ಒಂದೇ ಒಂದು ಸಾಲು ನೋಡಿ ಮತ್ತೆ ಮುಚ್ಚುವುದು. ಅನುಕಲನ, ಅಂದರೆ ಇಂಟಿಗ್ರೇಷನ್, ಹದಿನೈದು ದಿನ ತಲೆಗೆ ಹತ್ತಲಿಲ್ಲ. ಆಮೇಲೊಂದು ಮುಂಜಾನೆ, ಲೆಕ್ಕದೊಳಗಿನ ಗೋಜಲು ತುಣುಕಿಗೆ 'ಟಿ' ಎಂದು ಬೇರೆ ಹೆಸರು ಕೊಟ್ಟರೆ ಉಳಿದದ್ದು ತಾನೇ ಬಿಚ್ಚಿಕೊಳ್ಳುತ್ತದೆ ಎಂದು ಹೊಳೆಯಿತು. ಅಷ್ಟು ಖುಷಿ ನನಗೆ ಮತ್ತೆ ಯಾವುದರಲ್ಲೂ ಆಗಿಲ್ಲ. ನಾನು ಕಲಿತದ್ದನ್ನೆಲ್ಲ ಗೆಳತಿಗೆ ಹೇಳಿಕೊಡುತ್ತಿದ್ದೆ.

ಒಂದು ದಿನ ಆಕೆ, "ಏ, ಬೀದರಿಗಿ ಹೋಗೋರ ಪುಸ್ತಕ ನೋಡ್ದೆ. ಅದರಾಗ ಪಾಠ ಬ್ಯಾರೆನೇ ಅವ" ಅಂದಳು.

"ಗಡಿ ದಾಟಿದ್ರ ಲೆಕ್ಕ ಬ್ಯಾರೆ ಆಗ್ತಾವೇನು? ಹನ್ನೆರಡನೇದು ಎಲ್ಲಾ ಕಡಿ ಹನ್ನೆರಡನೇದೇ. ಸುಮ್ನ ಬರಿ" ಎಂದು ಗದರಿಸಿದೆ. ಆಕೆ ನಕ್ಕು ತಲೆ ತಗ್ಗಿಸಿ ಬರೆದಳು.

ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಗೊತ್ತಾಯಿತು. ನಾವು ವಾರಗಟ್ಟಲೆ ಕೂತು ಕಲಿತ ತರ್ಕಶಾಸ್ತ್ರದ ಅಧ್ಯಾಯದ ಪ್ರಶ್ನೆ ಒಂದೂ ಇಲ್ಲ, ಜೋಡಿ ಸರಳರೇಖೆಗಳೂ ಇಲ್ಲ. ನಾವು ಮುಟ್ಟಿಯೇ ಇರದ ಪಾಠಗಳು ಪುಟ ತುಂಬಿದ್ದವು. ಎರಡು ಬೆಂಚು ಮುಂದಿದ್ದ ಗೆಳತಿ ಒಮ್ಮೆ ಹೊರಳಿ ನನ್ನನ್ನು ನೋಡಿದಳು. ನನಗೆ ಏನೂ ಅನಿಸಲಿಲ್ಲ. ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಬಂದಷ್ಟು ಬರೆದು, ಹಾಸ್ಟೆಲಿಗೆ ಬಂದು ಉಂಡು, ಬಟ್ಟೆ ಒಗೆದೆ.

ಅಂತಿಮ ಪರೀಕ್ಷೆಗೆ ನಲವತ್ತು ದಿನ ಉಳಿದಿತ್ತು. ಸರಿಯಾದ ಪುಸ್ತಕ ತಂದು ನಾನು ಒಂದೇ ಸಮನೆ ಓದಿದೆ. ಹೇಳಿಕೊಡುತ್ತ ಕೂತರೆ ನಾನೂ ಮುಳುಗುತ್ತೇನೆ ಅನಿಸಿತು. ಆಕೆ ಏನಾದರೂ ಕೇಳಿದರೆ "ಆಮ್ಯಾಲೆ" ಅನ್ನುತ್ತಿದ್ದೆ. ಗಣಿತದಲ್ಲಿ ನಾನು ಮೂವತ್ತೊಂಬತ್ತು ತೆಗೆದು ಪಾಸಾದೆ, ಆಕೆಗೆ ಹದಿನೆಂಟು. ಫಲಿತಾಂಶ ನೋಡಿದಾಗಲೂ ಮನಸ್ಸು ಹಾಗೇ ಮರಗಟ್ಟಿತ್ತು.

ಮೂರನೇ ದಿನ ಆಕೆ ಎಕಂಬಾದ ನಮ್ಮ ಮನೆಗೆ ಬಂದಳು, ಚೀಲದಲ್ಲಿ ಪುಸ್ತಕ ಮತ್ತು ಎರಡು ಜೊತೆ ಬಟ್ಟೆ.

"ಮರುಪರೀಕ್ಷಾಕ್ಕ ಇಪ್ಪತ್ತು ದಿನ ಅದ. ಅಪ್ಪಗ ಹ್ಯಾಂಗೋ ಒಪ್ಪಿಸೀನಿ, ಇದೊಂದೇ ಸಲ ಅಂದಾನ. ನನಗ ನೀ ಹೇಳಿದ್ರೇ ತಿಳೀತದ. ಇಲ್ಲೇ ಇರ್ತೇನಿ, ಕಲಿಸು."

ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇಪ್ಪತ್ತು ದಿನ ಆ ಮುಖದ ಎದುರು ಕೂರಲು ನನ್ನಿಂದ ಆಗುತ್ತಿರಲಿಲ್ಲ.

"ನನಗ ಪುರುಸೊತ್ತಿಲ್ಲ" ಅಂದೆ.

ಅವ್ವ ಆಕೆಗೆ ಚಹಾ ಕೊಟ್ಟಳು. ಕುಡಿದು, ಔರಾದಿನ ಬಸ್ಸು ಹತ್ತಿ ಹೋದಳು. ನನಗೆ ಬೀದರಿನಲ್ಲಿ ಡಿಗ್ರಿ ಶುರುವಾಗಲು ಇನ್ನೂ ಎರಡು ತಿಂಗಳಿತ್ತು. ಅಷ್ಟೂ ದಿನ ಮನೆಯಲ್ಲಿ ಬಿದ್ದುಕೊಂಡು ಮೊಬೈಲು ನೋಡಿದೆ. ಆಕೆ ಮರುಪರೀಕ್ಷೆಗೆ ಕೂರಲೇ ಇಲ್ಲ.