ಹಿಲ್ಡಾ ಎಂದರೆ ಯುದ್ಧವಂತೆ

ಜರ್ಮಾನಿಕ್ ಭಾಷೆಗಳಲ್ಲಿ ಹಿಲ್ಡಾ ಎಂದರೆ ಯುದ್ಧ, ಆದ್ದರಿಂದ ನಾನು ಜಗಳಗಂಟಿ ಎನ್ನುವುದು ಸ್ನೇಹಿತರ ವಾದ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥ ವಾದ ಎದುರಾದರೆ ನನಗೆ ಹಬ್ಬ. ಬಜ್ಪೆಯ ನಮ್ಮ ಚರ್ಚಿನಲ್ಲಿ ಇನ್ನೊಬ್ಬ ಹಿಲ್ಡಾ ಇದ್ದರು. ಮದುವೆಯ ಬ್ಯಾಂಡು ಕೇಳಿದರೂ ಅವರಿಗೆ ತಲೆನೋವು. ಪಪ್ಪ ನನಗೆ ಹೆಸರಿಟ್ಟದ್ದೂ ಸಂತಳೊಬ್ಬಳ ನೆನಪಿಗೇ ಹೊರತು ಕತ್ತಿಯ ನೆನಪಿಗಲ್ಲ.

ಅಷ್ಟಕ್ಕೂ ಉತ್ತರ ಯುರೋಪಿನ ಹಳೆಯ ದಂತಕಥೆಯ ರಾಜಕುಮಾರಿ ಹಿಲ್ಡ್ ಯುದ್ಧವನ್ನೇ ಮಾಡುವುದಿಲ್ಲ. ಅವಳನ್ನು ಒಬ್ಬ ರಾಜ ಹೊತ್ತೊಯ್ದು ಮದುವೆಯಾಗುತ್ತಾನೆ, ತಂದೆ ಹಡಗು ಹತ್ತಿ ಬೆನ್ನಟ್ಟುತ್ತಾನೆ. ಹಗಲೆಲ್ಲ ಎರಡೂ ಕಡೆಯವರು ಕಾದಾಡಿ ಸಾಯುತ್ತಾರೆ. ಇರುಳಲ್ಲಿ ಇವಳು ಹೋಗಿ ಸತ್ತವರನ್ನೆಲ್ಲ ಎಬ್ಬಿಸುತ್ತಾಳೆ. ಬೆಳಗಾದರೆ ಮತ್ತೆ ಶುರು. ಪ್ರಳಯದವರೆಗೂ ಇದೇ ಪಾಡಂತೆ. ಯಾಕೆ ಎಬ್ಬಿಸುತ್ತಾಳೆ? ತಂದೆ, ಗಂಡ ಇಬ್ಬರಲ್ಲಿ ಯಾರನ್ನು ಕಳೆದುಕೊಳ್ಳಲೂ ಮನಸ್ಸಿರಲಿಲ್ಲ ಎಂದು ನನ್ನ ಊಹೆ.

ನಮ್ಮದು ಅಷ್ಟು ಘನವಾದ ಯುದ್ಧವಲ್ಲ. ಪಪ್ಪ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ, ಅಕ್ಕನ ಮನೆಯಲ್ಲಿದ್ದಾರೆ. ನಾನು ಮದುವೆಯಾಗಬೇಕಿರುವ ಮೈಸೂರಿನ ಸುಧಿ ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿ. ಆಸ್ಟಿನ್‌ನಲ್ಲಿ ಪಿಎಚ್.ಡಿ. ಮಾಡುತ್ತಿರುವ ನಾನು ಇಬ್ಬರಿಗೂ ಅಂಚೆಯವಳು. ಚರ್ಚು ಮೊದಲೋ ತಾಳಿ ಮೊದಲೋ ಎಂಬುದು ವ್ಯಾಜ್ಯ.

“ಮೊದಲು ಆದದ್ದೇ ಮದುವೆ. ಎರಡನೇದು ಬರೀ ಫೋಟೋಕ್ಕೆ ಮಾರಾಯ್ತಿ,” ಎಂದರು ಪಪ್ಪ.

ಡಲ್ಲಾಸ್‌ಗೆ ಹೋಗಿ ತಲುಪಿಸಿದೆ. “ಹಾಗಾದ್ರೆ ಚರ್ಚಲ್ಲೇ ಫೋಟೋ ಚೆನ್ನಾಗಿ ಬರತ್ತೆ ಅಂತ ಹೇಳು ಅಂಕಲ್‌ಗೆ,” ಎಂದು ಸುಧಿ ನಕ್ಕ. ಆಮೇಲೆ ನಗದೆ, “ಈ ತಾರೀಖೂ ತಪ್ಪಿದ್ರೆ ಇನ್ನೊಂದು ಹುಡುಕೋ ಶಕ್ತಿ ನಂಗಿಲ್ಲ ಕಣೆ,” ಎಂದ.

ವಾರದ ನಡುವೆ ಈ ಜಗಳ ತಾನಾಗಿಯೇ ಆರುತ್ತದೆ. ಮೊನ್ನೆ ಪಪ್ಪ, ಆ ಹುಡುಗ ಸರಿಯಾಗಿ ಊಟ ಮಾಡುತ್ತಾನಾ ಎಂದು ವಿಚಾರಿಸಿದ್ದರು. ಆದರೆ ಶನಿವಾರ ಬಂತೆಂದರೆ ನಾನು ಹೈವೇ ಹಿಡಿಯುತ್ತೇನೆ. ದಾರಿಯುದ್ದಕ್ಕೂ ಒಬ್ಬರ ಮಾತನ್ನು ಮಸೆದು, ಆಡಿದವರಿಗೇ ಹೊಳೆಯದಷ್ಟು ಚೂಪು ಮಾಡಿ, ಇನ್ನೊಬ್ಬರ ಮುಂದಿಡುತ್ತೇನೆ. ಇಬ್ಬರಿಗೂ ನ್ಯಾಯ ಒದಗಿಸಬೇಕಲ್ಲ! ಚರ್ಚಾಸ್ಪರ್ಧೆಯ ತರಬೇತಿಯೇ ಹಾಗೆ, ದುರ್ಬಲ ವಾದವನ್ನು ದುರ್ಬಲವಾಗಿಯೇ ಬಿಟ್ಟುಬಿಡಲು ಯಾರೂ ಕಲಿಸಲಿಲ್ಲ.

ಈ ಶನಿವಾರವೂ ಮಿಸೌರಿ ಸಿಟಿ ತಲುಪಿದೆ. ಚಪ್ಪಲಿ ಬಿಡುವ ಮೊದಲೇ ಪಪ್ಪ ಕೇಳಿದರು: “ಎಂತ ಹೇಳಿದ ಅವ?”

ಉತ್ತರ ಸಿದ್ಧವಿತ್ತು, ಒಳ್ಳೆಯದೇ ಇತ್ತು. ಆದರೆ ಬಾಯಿ ತೆರೆಯಲೂ ಆಯಾಸ. ಸುಧಿಯ ನಂಬರ್ ಒತ್ತಿ ಫೋನನ್ನು ಅವರ ಕೈಗಿಟ್ಟೆ.

“ಪಪ್ಪಾ, ನಾನು ಎಂತದೂ ಹೇಳದಿದ್ರೆ ನಿಮ್ಮಿಬ್ಬರಿಗೆ ಜಗಳ ಆಡ್ಲಿಕ್ಕೆ ಎಂತ ಉಂಟು?”