ಹೆಸರು ಕೊಡುವ ಶನಿವಾರ

ಫಳ್ನೀರಿಗೆ ಕಣ್ಣು ತೋರಿಸಲು ಹೋದಾಗಲೆಲ್ಲ ಅಲ್ಲಿನ ಒಂದು ಕಟ್ಟಡದ ಕೆಳಗಿನ ಜ್ಯೂಸ್ ಅಂಗಡಿಯ ಮುಂದೆ ನನ್ನ ಕಾಲು ತಡೆಯುತ್ತದೆ. ಮಾಗಿ ಒಡೆದ ಕಪ್ಪು ದ್ರಾಕ್ಷಿಯ ಹುಳಿ ವಾಸನೆ ಮೂಗಿಗೆ ಬಡಿದರೆ ಸಾಕು, ಅಮ್ಮ ಬಟ್ಟೆ ಕಟ್ಟಿ ಮುಚ್ಚಿಡುತ್ತಿದ್ದ ಭರಣಿ ಕಣ್ಣಮುಂದೆ ಬರುತ್ತದೆ. ಈಗ ಆ ಕಟ್ಟಡ ಇರುವ ಜಾಗದಲ್ಲೇ ನಮ್ಮ ಹಂಚಿನ ಮನೆ ಇತ್ತು. ನಮ್ಮ ಲೂಥರನ್ ಸಭೆಗೆ ಆಗ ಚರ್ಚು ಇರಲಿಲ್ಲ. ಹನ್ನೊಂದು ಕುಟುಂಬ, ನಮ್ಮ ಚಾವಡಿ, ಪಪ್ಪ ತುಳಿದು ನುಡಿಸುತ್ತಿದ್ದ ಒಂದು ಹಳೆಯ ಹಾರ್ಮೋನಿಯಂ, ಇಷ್ಟೇ ಸಭೆ. ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಬೇಕಾದ ರಸವನ್ನು ಅಮ್ಮ ಆ ಭರಣಿಯಲ್ಲಿ ಮಾಡುತ್ತಿದ್ದಳು. ಈಗ ಸಭೆಯ ಜುಬಿಲಿ ಪುಸ್ತಕಕ್ಕೆ ಹಳಬರೆಲ್ಲ ನೆನಪು ಬರೆದುಕೊಡಿ ಎಂದು ಕಮಿಟಿಯವರು ಬೆನ್ನು ಬಿದ್ದಿದ್ದಾರೆ. ಚಾಪೆ ಹಾಸಿದ್ದು, ಕೀರ್ತನೆ ಹಾಡಿದ್ದು, ಪ್ರೀತಿಯಿಂದ ಇದ್ದದ್ದು, ಎಲ್ಲರೂ ಅದನ್ನೇ ಬರೆಯುತ್ತಾರೆ. ಅದೆಲ್ಲ ಸುಳ್ಳಲ್ಲ. ಆದರೆ ನನಗೆ ಆ ಸಿಹಿಯನ್ನೇ ಮತ್ತೆ ಮತ್ತೆ ಬಡಿಸಿ ಸಾಕಾಗಿದೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಭಾನುವಾರ ಭೋಜನ ತೆಗೆದುಕೊಳ್ಳುವವರು ಹಿಂದಿನ ದಿನ ಸಂಜೆ ಬಂದು ಪಾದ್ರಿ ಅಯ್ಯನವರ ಹತ್ತಿರ ಹೆಸರು ಕೊಡಬೇಕು. ಅಯ್ಯನವರು ನಮ್ಮ ಚಾವಡಿಯ ಮೇಜಿನ ಮುಂದೆ ನೋಟು ಪುಸ್ತಕ ಬಿಡಿಸಿ ಕೂತು, ಬರೆಯುವ ಮೊದಲು ಒಬ್ಬೊಬ್ಬರನ್ನೂ ಕೇಳುತ್ತಿದ್ದರು: "ಯಾರ ಮೇಲಾದ್ರೂ ಮನಸ್ಸಿನಲ್ಲಿ ಎಂತಾದ್ರೂ ಉಂಟಾ?" ಉಂಟು ಎಂದರೆ ಹೆಸರು ಬೀಳುವುದಿಲ್ಲ. ಎದ್ದು ಹೋಗಿ, ಆ ಮನುಷ್ಯನ ಜೊತೆ ರಾಜಿಯಾಗಿ ಬರಬೇಕು. ಹಾಗಾಗಿ ಶನಿವಾರ ಸಂಜೆಯಾದರೆ ನಮ್ಮವರು ಒಬ್ಬರ ಮನೆಗೊಬ್ಬರು ಅಲೆಯುವುದು ಕಾಣುತ್ತಿತ್ತು. ಅತ್ತೆ ಸೊಸೆಯರು ನಮ್ಮ ಬಾವಿಕಟ್ಟೆಯ ಹತ್ತಿರವೇ ಮೂಗು ಒರೆಸಿಕೊಂಡು ಒಳಗೆ ಬಂದದ್ದನ್ನೂ ನೋಡಿದ್ದೇನೆ. ಸೋಮವಾರ ಮತ್ತೆ ಜಗಳ ಶುರುವಾಗುತ್ತಿತ್ತೆನ್ನಿ.

ಕುಲಶೇಖರದಿಂದ ನಡೆದು ಬರುತ್ತಿದ್ದ ಬೆಂಜಮಿನ್ ಮಾಮ ಪಪ್ಪನ ಜೀವದ ಗೆಳೆಯ. ಹಂಚಿನ ಕಾರ್ಖಾನೆಯಲ್ಲಿ ಇಬ್ಬರೂ ಒಟ್ಟಿಗೆ ದುಡಿದವರು. ಕೀರ್ತನೆಗಳನ್ನು ನಾಲ್ಕು ಸ್ವರಗಳಲ್ಲಿ ಹಾಡುವ ನಮ್ಮ ಸಭೆಯಲ್ಲಿ ಕೆಳಗಿನ ದಪ್ಪ ಸ್ವರಕ್ಕೆ ಇದ್ದವರು ಅವರೊಬ್ಬರೇ. ಪಪ್ಪನ ಕೈ ನಿಧಾನ. ಒಂದು ಭಾನುವಾರ ಮಾಮನಿಗೆ ತಾಳ್ಮೆ ತಪ್ಪಿತು; ಹಾಡು ಅರ್ಧಕ್ಕೆ ನಿಲ್ಲಿಸಿ, "ಎಂತ ಮಾರಾಯ, ಇದು ಹಾಡಾ, ಹೆಣ ಹೊರುವುದಾ?" ಎಂದುಬಿಟ್ಟರು. ಇಡೀ ಚಾವಡಿ ನಕ್ಕಿತು. ಅಯ್ಯನವರೂ ನಕ್ಕರು. ಪಪ್ಪ ಮೆಲ್ಲಗೆ ಹಾರ್ಮೋನಿಯಂ ಮುಚ್ಚಿ ಅಡುಗೆಮನೆಗೆ ಹೋದರು. ಅಲ್ಲಿ ಅವರು ಅಳುತ್ತಿದ್ದುದನ್ನು ನಾನು ಕಂಡೆ. ಮುಂದಿನ ವಾರದಿಂದ ಮತ್ತೆ ನುಡಿಸಿದರು, ಆದರೆ ಶನಿವಾರ ಹೆಸರು ಕೊಡಲಿಲ್ಲ. ತಪ್ಪು ಮಾಡಿದವನು ಮೊದಲು ಬರಲಿ ಎಂದು ಅವರ ಹಟ. ಬೆಂಜಮಿನ್ ಮಾಮನೂ ಹೆಸರು ಕೊಡಲಿಲ್ಲ. ಉಳಿದವರು ಭೋಜನಕ್ಕೆ ಮುಂದೆ ಹೋಗುವಾಗ ಅವರಿಬ್ಬರೂ ಚಾವಡಿಯ ಎರಡು ಮೂಲೆಯಲ್ಲಿ ನೆಲ ನೋಡುತ್ತಾ ಕೂತಿರುತ್ತಿದ್ದರು.

ಕೊನೆಗೊಂದು ಶನಿವಾರ ಮಧ್ಯಾಹ್ನ ಮಾಮ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಬಾಳೆಹಣ್ಣು. ಪಪ್ಪ ಜ್ವರ ಬಂದು ಒಳಕೋಣೆಯಲ್ಲಿ ಮಲಗಿದ್ದರು, ಅಮ್ಮ ಅಂಗಡಿಗೆ ಹೋಗಿದ್ದಳು. "ಪಪ್ಪ ಇದ್ದಾರಾ ಮಗಾ?" ಎಂದು ಕೇಳಿದರು. ನನಗೆ ಹತ್ತು ವರ್ಷ. ಪಪ್ಪನನ್ನು ಅಳಿಸಿದ ಈ ಮನುಷ್ಯನ ಮೇಲೆ ನನಗೆ ಸಿಟ್ಟಿತ್ತು. "ಇಲ್ಲ" ಎಂದೆ. ಅವರ ಕಣ್ಣು ಮೆಟ್ಟಿಲ ಮೇಲೆ ಹೋಯಿತು. "ಆಯ್ತು ಮಗಾ" ಎಂದು, ಹಣ್ಣನ್ನೂ ಕೊಡದೆ ಇಳಿದು ಹೋದರು. ಆ ಮೇಲೆ ಅವರು ಸಭೆಗೆ ಬರಲೇ ಇಲ್ಲ. ಸಂಸಾರ ಸಮೇತ ಕಾಟಿಪಳ್ಳದ ಕಡೆ ಮನೆ ಮಾಡಿದರೆಂದು ಗೊತ್ತಾಯಿತು.

ನಾನು ಯಾರಿಗೂ ಹೇಳಲಿಲ್ಲ. ಮೊದಲು ಹೆದರಿಕೆ, ಆಮೇಲೆ ನಾಚಿಕೆ, ಮತ್ತೆ ಎಷ್ಟೋ ವರ್ಷ ಬರೀ ಸುಸ್ತು. ಚರ್ಚು ಕಟ್ಟಿದೆವು, ಪಪ್ಪ ಅಲ್ಲಿಯೂ ನುಡಿಸಿದರು, ಹೆಸರು ಮಾತ್ರ ಕೊಡಲಿಲ್ಲ. ಅಯ್ಯನವರು ಎಷ್ಟು ಹೇಳಿದರೂ ಕೇಳಲಿಲ್ಲ. ಸಾಯುವ ವಾರ ನಾನು ಗಂಜಿ ಕುಡಿಸುತ್ತಿದ್ದಾಗ, "ಬೆಂಜ ಒಮ್ಮೆ ಬರ್ಬಹುದಿತ್ತು" ಎಂದರು. ಇನ್ನೊಂದು ಚಮಚ ಗಂಜಿ ಬಾಯಿಗಿಟ್ಟೆ. ಆಗಲೂ ನಾನು ನಿಜ ಹೇಳಲಿಲ್ಲ.

ಕಳೆದ ತಿಂಗಳು ಜುಬಿಲಿಗೆಂದು ಹಳಬರನ್ನು ಕರೆಸಿದ್ದರು. ಮಾಮನ ಮಗಳು ಸುಗುಣ ಬಂದಿದ್ದಳು, ನನ್ನ ಹಾಗೆಯೇ ತಲೆ ನೆರೆತು, ಮೊಣಕಾಲು ಹಿಡಿದುಕೊಂಡು. ಚಾ ಕುಡಿಯುತ್ತಾ ಅವಳಿಗೆ ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು.

"ನೀನು ಇಲ್ಲ ಅಂದದ್ದು ನಂಗೆ ಗೊತ್ತುಂಟು" ಎಂದಳು. "ನಿನ್ನ ಪಪ್ಪನ ಚಪ್ಪಲಿ ಮೆಟ್ಟಿಲಲ್ಲೇ ಇತ್ತಂತೆ. 'ಅವನೇ ಒಳಗಿಂದ ಹೇಳಿಸಿದ್ದು, ಪಾಪ ಮಗು ಎಂತ ಮಾಡ್ತದೆ' ಅಂತ ನನ್ನ ಅಪ್ಪ ಹೇಳ್ತಿದ್ರು."

ಪಪ್ಪ ಬಾಗಿಲ ಹಿಂದೆ ಅಡಗಿದ್ದಾರೆಂದು ನಂಬಿಯೇ ಮಾಮ ಮಣ್ಣಾಗಿದ್ದರು. "ಜ್ವರ ಇತ್ತು ಸುಗುಣಾ, ಅವರಿಗೆ ನಿಜವಾಗಿ ಜ್ವರ ಇತ್ತು" ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ನಾನು ಮತ್ತೊಮ್ಮೆ ಅದನ್ನೇ ಹೇಳಿದೆ; ಅವಳಿಗಲ್ಲ, ಅಂದು ಮೆಟ್ಟಿಲ ಹತ್ತಿರ ನಿಂತಿದ್ದ ಅವಳ ಅಪ್ಪನಿಗೆ ಎಂದು ಇಬ್ಬರಿಗೂ ಗೊತ್ತಿತ್ತು.