ಒಂದು ದೀರ್ಘಕ್ಕೆ ಎರಡಾದ ಊರು

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ನಾನು ಹಾಸನದ ಕಾಲೇಜಿಗೆ ಸೇರಿದ ದಿನ, ಊಟಕ್ಕೆ ಕೂತು ಮುದ್ದೆ ಮುರಿಯುತ್ತ ಹೇಳಿದರು. “ನಮ್ ವಂಸದಲ್ಲಿ ಎಲ್ಲಾ ಎಬ್ಬೆಟ್ಟೇ. ಗಂಡುಡುಗ್ರೇ ಮಿಡ್ಲ್ ಸ್ಕೂಲ್ ದಾಟ್ಲಿಲ್ಲ. ಇವ್ಳು ಬಿ.ಎ. ಮಾಡ್ತಾಳಂತೆ. ಆಗಕಿಲ್ಲ ಕಣ್ ಬುಡು.” ಸಿಟ್ಟಿನಿಂದ ಹೇಳಲಿಲ್ಲ. ಇವತ್ತು ಮಳೆ ಬರಲ್ಲ ಅನ್ನುವ ಹಾಗೆ ಹೇಳಿದರು. ಅದಕ್ಕೇ ಅದು ಮನಸ್ಸಿನಲ್ಲಿ ಉಳಿಯಿತು.

ಅಪ್ಪ ತೀರಿಕೊಂಡ ಮೇಲೆ ನಾನೂ ಅವ್ವನೂ ಹೊಳೆನರಸೀಪುರದಲ್ಲಿ ದೊಡ್ಡಪ್ಪನ ಮನೆಯಲ್ಲೇ ಇದ್ದೆವು. ಅವರಿಗೆ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ. ಅವರ ಮಗ, ನನ್ನ ಅಣ್ಣ, ಮಿಲಿಟರಿಗೆ ಸೇರಿದ್ದ. ಅವನ ಕಾಗದ ಬಂದರೆ ಓದುವವಳು ನಾನು. ದೊಡ್ಡಪ್ಪ, ದೊಡ್ಡವ್ವ ಇಬ್ಬರೂ ಎದುರಿಗೆ ಕೂತು, ನನ್ನ ಬಾಯನ್ನೇ ನೋಡುತ್ತ ಕೇಳುತ್ತಿದ್ದರು. ಪ್ರತಿ ಕಾಗದದಲ್ಲೂ ‘ಇನ್ನೂ ಲೀವ್ ಸಿಕ್ಕಿಲ್ಲ’ ಎಂಬ ಮಾತು ಇದ್ದೇ ಇರುತ್ತಿತ್ತು. ಲೀವ್ ಅಂದರೆ ರಜ ಎಂದು ಹೇಳಿಕೊಟ್ಟವಳೂ ನಾನೇ. ದೊಡ್ಡಪ್ಪನಿಗೆ ಬರುತ್ತಿದ್ದ ಒಂದೇ ಒಂದು ಇಂಗ್ಲಿಷ್ ಮಾತು ಅದು. ಮಂಡಿಯಲ್ಲಿ ಯಾರಾದರೂ ಕೆಲಸಕ್ಕೆ ಬಾರದಿದ್ದರೆ “ಅವನ್ಗೆ ಇವತ್ತು ಲೀವು” ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ಮೂರು ವರ್ಷ ಬೆಳಗಿನ ರೈಲಿನಲ್ಲಿ ಹಾಸನಕ್ಕೆ ಹೋಗಿ ಬಂದೆ. ಆ ವರ್ಷಗಳನ್ನು ನೆನೆದರೆ ಈಗಲೂ ಕಿಟಕಿಯ ಆಚೆ ಮಂಜು, ಮಂಜಿನೊಳಗೆ ಗದ್ದೆ, ಮಡಿಲಲ್ಲಿ ಪುಸ್ತಕ, ಅರೆನಿದ್ದೆ. ಕೊನೆಯ ವರ್ಷದ ಪರೀಕ್ಷೆಯ ಫಲಿತಾಂಶ ಬೋರ್ಡಿಗೆ ಅಂಟಿಸಿದಾಗ ಎಲ್ಲದರಲ್ಲೂ ಪಾಸು, ಇಂಗ್ಲಿಷಿನಲ್ಲಿ ಮಾತ್ರ ಫೇಲು. ಸೆಪ್ಟೆಂಬರಿನಲ್ಲಿ ಆ ಒಂದೇ ಪೇಪರಿಗೆ ಮತ್ತೆ ಕೂರಬಹುದಿತ್ತು. ಆದರೆ ಅರ್ಜಿಗೆ ಮನೆಯ ಹಿರಿಯರ ರುಜು ಇಲ್ಲವೇ ಹೆಬ್ಬೆಟ್ಟು ಬೇಕು ಎಂದು ಕಾಲೇಜಿನ ಕಚೇರಿಯಲ್ಲಿ ಹೇಳಿದರು.

ದೊಡ್ಡಪ್ಪ ಅರ್ಜಿಯನ್ನು ಮುಟ್ಟಲಿಲ್ಲ. “ಚನ್ನರಾಯಪಟ್ಣದೋರು ಎಣ್ ನೋಡಕ್ ಬತ್ತೀವಿ ಅಂತ ಯೋಳ್ ಕಳ್ಸವ್ರೆ. ಇಂಗ್ಲೀಸು ನಮ್ಗ್ ಅತ್ತದಲ್ಲ ಕಣಮ್ಮಿ. ಓದಿದ್ದು ಸಾಕು” ಎಂದರು. ಅವ್ವ ಒಲೆಯ ಕಡೆ ಮುಖ ಮಾಡಿಕೊಂಡಳು. ಅರ್ಜಿಯನ್ನು ಮಡಚಿ ಅಕ್ಕಿ ಡಬ್ಬದ ಕೆಳಗೆ ಇಟ್ಟೆ. ಕೊಡಲು ಇನ್ನೂ ಮೂರು ವಾರ ಇತ್ತು.

ಚೀನಾ ಯುದ್ಧ ಮುಗಿದ ಮಾರನೆಯ ವರ್ಷದ ಮಾತಿದು. ಅಣ್ಣನಿಂದ ಕಾಗದ ಬಂದು ತಿಂಗಳುಗಳೇ ಆಗಿದ್ದವು. ಅಂಚೆಯವರು ನಮ್ಮ ಬೀದಿಗೆ ತಿರುಗುವ ಹೊತ್ತಿಗೆ ದೊಡ್ಡವ್ವ ಏನಾದರೂ ನೆಪ ಮಾಡಿಕೊಂಡು ಹೊಸಿಲಲ್ಲಿ ನಿಂತಿರುತ್ತಿದ್ದಳು. ಅವರು ಸೈಕಲ್ ನಿಲ್ಲಿಸದೆ ಹೋದರೆ, ಹೊಸಿಲನ್ನೇ ಮತ್ತೊಮ್ಮೆ ಗುಡಿಸಿ ಒಳಗೆ ಬರುತ್ತಿದ್ದಳು.

ಮುಂಗಾರು ಹಿಡಿಯುವ ಮೊದಲು ಹೊಳೆಯ ದಡದ ಟೆಂಟು ಸಿನಿಮಾದವರು ಟೆಂಟು ಕೀಳುತ್ತಿದ್ದರು. ಆ ಕೊನೆಯ ವಾರ ಬರಬೇಕಾಗಿದ್ದ ಕನ್ನಡ ಚಿತ್ರದ ಡಬ್ಬ ಬಸ್ಸಿನಲ್ಲಿ ಬರಲಿಲ್ಲ. ಬದಲಿಗೆ ಯಾವುದೋ ಇಂಗ್ಲಿಷ್ ಮಿಲಿಟರಿ ಚಿತ್ರ ಬಂತು. ಮಿಲಿಟರಿ ಎಂದ ಮೇಲೆ ನಮ್ಮ ಮನೆಯಲ್ಲಿ ಯಾರು ಉಳಿಯುತ್ತಾರೆ? ದೊಡ್ಡವ್ವ ಹೊಸ ಸೀರೆ ಉಟ್ಟು ಹೊರಟಳು, ಮಗನನ್ನು ನೋಡಲು ಹೋಗುವವಳ ಹಾಗೆ.

ಟೆಂಟಿನೊಳಗೆ ಹೆಂಗಸರ ಕಡೆ ನೆಲದ ಮರಳು ಇನ್ನೂ ಬಿಸಿಲಿಗೆ ಕಾದ ಹಾಗೇ ಬೆಚ್ಚಗಿತ್ತು. ಹೊಳೆ ಕಡೆಯ ಗಾಳಿ ಬಂದಾಗ ಪರದೆ ಉಬ್ಬುತ್ತಿತ್ತು. ಪರದೆಯ ಮೇಲಿನ ಸಿಪಾಯಿಗಳೂ ಉಬ್ಬಿ, ಉಸಿರು ಬಿಟ್ಟು, ಮತ್ತೆ ತೆಳ್ಳಗಾಗುತ್ತಿದ್ದರು. ಬೀಡಿಯ ಹೊಗೆ ಬೆಳಕಿನ ಕೋಲಿನೊಳಗೆ ಸುತ್ತಿ ಸುತ್ತಿ ಏರುತ್ತಿತ್ತು. ಕಥೆ ಸುಲಭವಾಗಿತ್ತು. ಶತ್ರುಗಳು ಒಂದು ಕಲ್ಲಿನ ಮನೆಯಲ್ಲಿ ಕೆಲವರನ್ನು ಕೂಡಿಹಾಕಿದ್ದಾರೆ. ಒಬ್ಬ ಆಫೀಸರು ಏಳೆಂಟು ಸಿಪಾಯಿಗಳನ್ನು ಕರೆದುಕೊಂಡು ನದಿ ದಾಟಿ, ಕಾಡು ಹೊಕ್ಕು, ಅವರನ್ನು ಬಿಡಿಸಿಕೊಂಡು ಬರುತ್ತಾನೆ. ವಾಪಸು ಬರುವಾಗ ಒಬ್ಬ ಸಿಪಾಯಿಗೆ ಗುಂಡು ಬೀಳುತ್ತದೆ. ಆಫೀಸರು ಅವನ ಮೇಲೆ ಬಗ್ಗಿ ನೋಡಿ, ತಲೆಯೆತ್ತಿ, ಎರಡೇ ಮಾತು ಆಡುತ್ತಾನೆ.

ಅಷ್ಟಕ್ಕೆ ರೀಲು ಮುಗಿಯಿತು. ದೀಪ ಹತ್ತಿತು. ಕಡಲೆಕಾಯಿಯವರು ಒಳಗೆ ಬಂದರು. ಮುಂದಿನ ರೀಲಿನ ತಲೆ ಎಲ್ಲೋ ಹರಿದುಹೋಗಿತ್ತೋ ಏನೋ, ದೀಪ ಆರಿದಾಗ ಎಲ್ಲರೂ ಆಗಲೇ ದೋಣಿಯಲ್ಲಿದ್ದರು. ದೋಣಿಯ ತಳದಲ್ಲಿ ಒಬ್ಬ ಮಲಗಿದ್ದ, ಮುಖಕ್ಕೆಲ್ಲ ಬ್ಯಾಂಡೇಜು. ಅವನು ಆ ಗುಂಡು ಬಿದ್ದವನೋ, ಬಿಡಿಸಿಕೊಂಡು ಬಂದ ಸೆರೆಯಾಳೋ, ಕೊನೆಯವರೆಗೂ ತಿಳಿಯಲಿಲ್ಲ.

ನಾನು ಆ ಹೊತ್ತಿನಲ್ಲಿ ಪರದೆಯನ್ನು ನೋಡುತ್ತಿದ್ದೆನೇ ಹೊರತು ಕೇಳುತ್ತಿರಲಿಲ್ಲ. ಅಕ್ಕಿ ಡಬ್ಬದ ಕೆಳಗಿನ ಅರ್ಜಿ ಕಣ್ಣ ಮುಂದೆ ಇತ್ತು.

ಮಾರನೆಯ ಬೆಳಿಗ್ಗೆ ಬಟ್ಟೆ ಒಗೆಯಲು ಹೊಳೆಗೆ ಹೋದರೆ ಅಲ್ಲಿ ಆಗಲೇ ಎರಡು ಪಂಗಡ. ನೀರಿನ ಮೇಲೆ ಇನ್ನೂ ಹಬೆಯಂಥ ಮಂಜು ಕೂತಿತ್ತು. ಬಟ್ಟೆ ಬಡಿಯುವ ಸದ್ದು ಆಚೆ ದಡಕ್ಕೆ ಹೋಗಿ ಸ್ವಲ್ಪ ತಡೆದು ವಾಪಸು ಬರುತ್ತಿತ್ತು.

“ದೋಣೀಲಿದ್ದೋನು ಆ ಗುಂಡ್ ಬಿದ್ದೋನೇ ಕಣೆ. ಪಾದ ನೋಡ್ಲಿಲ್ವಾ ನೀನು? ಅದೇ ಉದ್ದುದ್ದ ಪಾದ.”

“ಅಯ್ಯೋ, ಬೂಟ್ ಆಕಂಡಿದ್ನಲ್ಲೇ. ಪಾದ ಎಲ್ ಕಂಡ್ಯೆ ನೀನು?”

“ಬೂಟೇ ಉದ್ದ ಇತ್ತು.”

“ಬುಟ್ಟೋದ್ರು ಕಣೆ ಅವನ್ನ. ಆ ಆಪೀಸರ್ ಮೊಕ ನೋಡ್ದ್ರೆ ಗೊತ್ತಾಗಕಿಲ್ವಾ.”

“ಬುಡ್ಸಕ್ಕೆ ಓದೋರು ಬುಟ್ ಬತ್ತಾರಾ?” ಎಂದಳು ದೊಡ್ಡವ್ವ. ಅಷ್ಟು ಹೇಳಿ, ಕೈಯಲ್ಲಿದ್ದ ಪಂಚೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಕಲ್ಲಿಗೆ ಬಡಿದಳು.

ಮಂಡಿಯಲ್ಲಿ ಜಗಳ ಇನ್ನೂ ಬಲವಾಗಿತ್ತಂತೆ. ಆಫೀಸರು ‘ಲೀವ್’ ಎಂದದ್ದನ್ನು ದೊಡ್ಡಪ್ಪ ಸ್ವಂತ ಕಿವಿಯಲ್ಲಿ ಕೇಳಿದ್ದರು. ಅವರಿಗೆ ಗೊತ್ತಿದ್ದ ಒಂದೇ ಮಾತು ಅಷ್ಟು ದೊಡ್ಡದಾಗಿ ಕೇಳಿಸಿದಾಗ ಅವರಿಗೆ ಎಷ್ಟು ಸಂತೋಷವಾಗಿರಬೇಕು. “ಗಾಯ ಆಗೈತೆ, ರಜ ಕೊಟ್ ಮನೆಗೆ ಕಳ್ಸವ್ನೆ. ಒಳ್ಳೆ ಆಪೀಸರು” ಎಂದು ಅವರ ತೀರ್ಪು. ಮಂಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದ ಹಿರಿಯರೊಬ್ಬರು ಒಪ್ಪಲಿಲ್ಲ. ಗುಂಡು ಹಾರುತ್ತಿರುವಾಗ ಕಾಡಿನ ನಡುವೆ ಯಾರಯ್ಯ ರಜ ಕೊಡುತ್ತಾರೆ, ಅವನನ್ನು ಅಲ್ಲೇ ಬಿಟ್ಟು ನಡೆಯಿರಿ ಎಂದದ್ದು ಅದು ಎಂದರು. ಮಕ್ಕಳು ಮಿಲಿಟರಿಯಲ್ಲಿದ್ದವರೆಲ್ಲ ದೊಡ್ಡಪ್ಪನ ಕಡೆ ಸೇರಿದರು, ಉಳಿದವರು ತಕ್ಕಡಿಯವರ ಕಡೆ.

ಆ ಮಧ್ಯಾಹ್ನ ದೊಡ್ಡಪ್ಪ ಊಟಕ್ಕೆ ಬಂದವರು ನನ್ನನ್ನು ಹತ್ತಿರ ಕರೆದರು. ಕಾಲೇಜಿಗೆ ಸೇರಿದ ಮೇಲೆ ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

“ನಾಳೆ ಒತ್ತಾರೆ ಎಲ್ರೂ ನಮ್ ಜಗಲಿಗೆ ಬತ್ತಾರೆ. ನೀನು ಇವತ್ತು ಇನ್ನೊಂದ್ ಸಾರಿ ನೋಡ್ಕಂಡ್ ಬಾ, ದೊಡ್ಡವ್ವನ್ನೂ ಕರ್ಕೊಂಡೋಗು. ಆಮೇಲೆ ಅದು ರಜ ಅಂತ ಎಲ್ರ ಮುಂದೆ ಯೋಳ್ಬುಡು.” ನೀರು ಕುಡಿದು, ಲೋಟ ಕೆಳಗಿಟ್ಟು, “ಸೆಪ್ಟೆಂಬರ್ ಇಚಾರ ಆಮೇಲ್ ನೋಡಣ” ಎಂದರು.

ಅರ್ಜಿ ಆಗಲೇ ಅರ್ಧ ಹೆಬ್ಬೆಟ್ಟು ಹಾಕಿಸಿಕೊಂಡ ಹಾಗೆ ಅನ್ನಿಸಿತು.

ಆ ಸಂಜೆ ಪರದೆಯ ಹತ್ತಿರವೇ, ಧ್ವನಿಯ ಪೆಟ್ಟಿಗೆಯ ಕೆಳಗೆ ಜಾಗ ಹಿಡಿದೆ. ಹೊರಗೆ ಕರೆಂಟಿಗೆ ಇಟ್ಟಿದ್ದ ಇಂಜಿನ್ನು ಒಂದೇ ಸಮನೆ ಗುಡುಗುತ್ತಿತ್ತು. ಕಣ್ಣು ಮುಚ್ಚಿಕೊಂಡೆ. ಇಂಗ್ಲಿಷಿನಲ್ಲಿ ಇಂಥವೇ ಎರಡು ಮಾತುಗಳಿವೆ. ಗುಡಿಸು ಕೊಟ್ಟು ‘ಲಿವ್’ ಎಂದರೆ ಬದುಕು. ಗುಡಿಸಿನ ದೀರ್ಘ ಕೊಟ್ಟು ‘ಲೀವ್’ ಎಂದರೆ ಬಿಡು, ಇಲ್ಲವೇ ರಜ. ಆಫೀಸರು ‘ಇವನು ಬದುಕುತ್ತಾನೆ’ ಎಂದಿದ್ದರೆ ದೊಡ್ಡಪ್ಪನದು ತಪ್ಪಾದರೂ ಮರ್ಯಾದೆ ಉಳಿಯುತ್ತಿತ್ತು, ದೊಡ್ಡವ್ವನಿಗೂ ನಿದ್ದೆ ಬರುತ್ತಿತ್ತು. ಒಂದನೆ ಕ್ಲಾಸಿನಲ್ಲಿ ಮರಳಿನ ಮೇಲೆ ಬೆರಳಾಡಿಸಿ ಕಾಗುಣಿತ ತಿದ್ದಿದವಳು ನಾನು, ಈಗ ಮರಳಿನ ಮೇಲೆ ಕೂತು, ಒಂದು ದೀರ್ಘ ಇಲ್ಲದೆ ಹೋಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ದೊಡ್ಡವ್ವನ ಮೊಣಕೈ ನನ್ನ ಮೊಣಕೈಗೆ ತಾಗಿತ್ತು. ಗುಂಡಿನ ಸದ್ದು ನಿಂತಿತು. ಆಫೀಸರು ಬಗ್ಗಿರಬೇಕು. ತಲೆಯೆತ್ತಿರಬೇಕು.

ಲೀವ್ ಹಿಮ್.

ದೀರ್ಘ ಇತ್ತು. ಹೊಳೆಯ ಉದ್ದಕ್ಕೂ ಎಳೆದ ಹಾಗಿತ್ತು. ‘ಹಿಮ್’ ಅಂದರೆ ‘ಅವನನ್ನು’. ಬೇರೆ ಅರ್ಥಕ್ಕೆ ಎಲ್ಲೂ ಸಂದಿ ಇರಲಿಲ್ಲ.

ಕಣ್ಣು ಬಿಟ್ಟರೆ ದೊಡ್ಡವ್ವ ಪರದೆಯನ್ನು ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಮನೆಗೆ ಬರುವಾಗ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಬೆಳಿಗ್ಗೆ ಜಗಲಿಯ ಮೇಲೆ ಹತ್ತು ಹನ್ನೆರಡು ಜನ. ದೊಡ್ಡವ್ವ ಬಾಗಿಲ ಹಿಂದೆ ನಿಂತಿದ್ದಳು; ಅವಳ ಬಳೆಯ ಸದ್ದು ಮಾತ್ರ ಕೇಳುತ್ತಿತ್ತು. ತಕ್ಕಡಿಯವರು ಎಲೆ ಅಡಿಕೆ ಹಾಕಿಕೊಳ್ಳುತ್ತ ನಕ್ಕರು.

“ಏನಯ್ಯ, ಇಂಗ್ಲೀಸಲ್ಲೇ ಪೇಲಾದ ಉಡುಗಿ ಕೈಲಿ ತೀರ್ಮಾನ ಮಾಡುಸ್ತೀಯಾ?”

“ಪೇಲಾದ್ರೆ ಏನು? ನಿಮ್ಮನೇಲಿ ಪೇಲಾದೋರಾರ ಅವ್ರಾ?” ಎಂದರು ದೊಡ್ಡಪ್ಪ. ನಂತರ ನನ್ನ ಕಡೆ ತಿರುಗಿ, “ಯೋಳಮ್ಮಿ. ಲೀವ್ ಅಂದ್ರೆ ಏನು?”

“ರಜ, ದೊಡ್ಡಪ್ಪ.”

“ಕೇಳ್ಕಂಡ್ರಾ?”

ತಕ್ಕಡಿಯವರು ಎಲೆಯ ತೊಟ್ಟು ಮುರಿದು ಹಾಕಿದರು. “ಅದು ಸರಿ ಕಣವ್ವ. ನಿನ್ನೆ ಆ ಆಪೀಸರ್ ಅಂದದ್ದು ಏನು, ಅದುನ್ನ ಯೋಳು.”

ದೊಡ್ಡಪ್ಪನ ಮುಖ ನೋಡಿದೆ. ಅವರಿಗೆ ಏನೂ ಅನುಮಾನವಿರಲಿಲ್ಲ. ನಾನೇ ಕಲಿಸಿದ ಮಾತನ್ನು ನಾನು ಹೇಗೆ ಅಲ್ಲ ಅನ್ನುತ್ತೇನೆ? ‘ರಜ’ ಎಂದು ಎರಡಕ್ಷರ ಹೇಳಿದ್ದರೆ ಸಾಕಿತ್ತು, ಆ ಜಗಲಿಯಲ್ಲಿ ಸುಳ್ಳು ಎನ್ನಲು ಯಾರಿಗೂ ಬರುತ್ತಿರಲಿಲ್ಲ. ಆದರೆ ಆ ಇಂಗ್ಲಿಷಿಗಾಗಿ ನಾನು ಮೂರು ವರ್ಷ ರೈಲಿನಲ್ಲಿ ತೂಕಡಿಸಿದ್ದೆ. ಅದನ್ನು ನಾನೇ ತಿರುಚಿದರೆ ಆಮೇಲೆ ಯಾವ ಪರೀಕ್ಷೆಗೆ ಕೂರಲಿ?

“ಅವನನ್ನ ಬಿಟ್ಟು ಬನ್ನಿ ಅಂದ, ದೊಡ್ಡಪ್ಪ. ರಜದ ಲೀವ್ ಬೇರೆ, ಇದು ಬೇರೆ. ಮಾತು ಒಂದೇ.”

ಬಾಗಿಲ ಹಿಂದಿನ ಬಳೆ ಸದ್ದು ನಿಂತಿತು.

“ದೋಣಿಯಲ್ಲಿ ಇದ್ದವನು ಯಾರು ಅಂತ ಗೊತ್ತಿಲ್ಲ” ಎಂದೆ. “ಸಿಪಾಯಿಗಳು ಆಫೀಸರ ಮಾತು ಕೇಳದೆ ಅವನನ್ನು ಹೊತ್ತುಕೊಂಡು ಬಂದಿರಬಹುದು. ಅದು ರೀಲಿನಲ್ಲಿ ಇಲ್ಲ.”

ಗೆದ್ದೆನೆಂದು ತಕ್ಕಡಿಯವರೂ ಕುಣಿಯಲಿಲ್ಲ. ಅವರ ಕಣ್ಣೂ ಬಾಗಿಲ ಕಡೆ ಹೋಯಿತು. “ಸಿನಿಮಾ ಕಣಯ್ಯ. ನಿಜವಾ ಅದು” ಎಂದು ಟವೆಲ್ ಕೊಡವಿಕೊಂಡು ಎದ್ದರು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

ಎರಡು ದಿನ ದೊಡ್ಡಪ್ಪ ಮಾತಾಡಲಿಲ್ಲ. ದೊಡ್ಡವ್ವ ಮಾತಾಡಿದಳು, ಆದರೆ ಪಕ್ಕದ ಮನೆಯವಳ ಹತ್ತಿರ, ನನಗೆ ಕೇಳುವ ಹಾಗೆ: “ಇವ್ಳಿಗೆ ಅಂಗ್ ಕೇಳುಸ್ತು, ಅಷ್ಟೆಯ. ಅವ್ರು ಬುಟ್ಟಿಲ್ಲ. ನಂಗೊತ್ತದೆ.” ಅವಳು ಕೊನೆಯವರೆಗೂ ಆ ಮಾತು ಬಿಡಲಿಲ್ಲ. ವಾರ ಮುಗಿದ ಮೇಲೆ ಆ ಚಿತ್ರದ ಡಬ್ಬ ಅರಕಲಗೂಡಿಗೆ ಹೋಯಿತು. ಆ ಕಡೆಯ ಮಲ್ಲಿಪಟ್ಟಣದಿಂದ ಬಂದ ನಮ್ಮ ಸೋದರತ್ತೆ, ಆ ಚಿತ್ರ ನೋಡಿದವರು ಅಲ್ಲಿಯೂ ಬಸ್ಸಿನಲ್ಲಿ ಕಿತ್ತಾಡುತ್ತಿದ್ದಾರೆ ಎಂದಳು. ಆ ಬಸ್ಸಿನಲ್ಲಿ ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲವಾದ್ದರಿಂದ ಜಗಳ ಮುಗಿದಿರಲಿಲ್ಲ.

ಜಗಲಿಯ ತೀರ್ಮಾನವಾದ ಮೂರನೆಯ ದಿನ ದೊಡ್ಡಪ್ಪ ಕೆಲಸಕ್ಕೆ ಹೊರಡುವವರು ನಿಂತು ಕೇಳಿದರು. “ಎಲ್ಲಮ್ಮಿ ಆ ಅರ್ಜಿ?”

ತಂದುಕೊಟ್ಟೆ. ಹಿಂದಿನ ಸಂಜೆಯೇ ಮಂಡಿಯಿಂದ ಮಸಿಯ ಡಬ್ಬಿ ತಂದಿದ್ದರು. ಹೆಬ್ಬೆಟ್ಟು ಒತ್ತಿ, ಕಾಗದದ ಮೇಲೆ ಊದಿ ಆರಿಸುತ್ತ ಹೇಳಿದರು. “ನಂಗೋಸ್ಕರ ರಜ ಅಂದಿದ್ರೆ ನಾನೂ ನಂಬ್ಬುಡ್ತಿದ್ದೆ. ನೀನು ಅನ್ನಿಲ್ಲ. ಅಂದ್ಮೇಲೆ ನಿಂಗೆ ನಿಜ್ವಾಗ್ಲೂ ಬತ್ತದೆ ಕಣ.” ಚನ್ನರಾಯಪಟ್ಟಣದವರಿಗೆ ಈಗ ಬೇಡ ಎಂದು ಹೇಳಿಕಳಿಸಿದರು.

ಆ ಮೂರು ತಿಂಗಳು ಹೇಗೆ ಓದಿದೆನೋ ಸರಿಯಾಗಿ ನೆನಪಿಲ್ಲ. ಮಳೆ ನೆನಪಿದೆ, ಕೆಂಪಗೆ ಉಕ್ಕಿದ ಹೊಳೆ ನೆನಪಿದೆ, ನನ್ನದೇ ದನಿ ಗೋಡೆಗೆ ಇಂಗ್ಲಿಷ್ ಹೇಳುತ್ತಿದ್ದದ್ದು ನೆನಪಿದೆ. ಗೋಡೆಯ ಆಚೆ ದೊಡ್ಡವ್ವ ರಾಗಿ ಬೀಸುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಪರೀಕ್ಷೆಗೆ ಮೊದಲೇ ಅಣ್ಣನ ಕಾಗದ ಬಂತು. ಅವನಿಗೇನೂ ಆಗಿರಲಿಲ್ಲ. ಅಷ್ಟು ತಿಂಗಳೂ ಅಡಿಗೆಮನೆ ಡ್ಯೂಟಿ ಹಾಕಿದ್ದರಂತೆ. ಬರೆಯುವಂಥದ್ದು ಏನೂ ಇರಲಿಲ್ಲ ಎಂದು ಬರೆದಿದ್ದ. ದೊಡ್ಡವ್ವ ಆ ಕಾಗದವನ್ನು ನನ್ನ ಕೈಲಿ ನಾಲ್ಕು ಸಲ ಓದಿಸಿ, ಐದನೆಯ ಸಲಕ್ಕೆ ಅವನನ್ನು ಚೆನ್ನಾಗಿ ಬೈದಳು.

ಪಾಸಾದೆ. ದರ್ಜೆ ದೊಡ್ಡದೇನಲ್ಲ. ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ದರ್ಜೆ ಆಗ ಯಾರದೂ ಇರಲಿಲ್ಲ.

ಸರ್ಟಿಫಿಕೇಟು ಬಂದಿದೆ ಎಂದು ತಿಳಿದ ದಿನ ಹಾಸನಕ್ಕೆ ಹೋದೆ. ಕಾಲೇಜಿನ ಗುಮಾಸ್ತರು ರಿಜಿಸ್ಟರಿನಲ್ಲಿ ರುಜು ಹಾಕಿಸಿಕೊಂಡು ಅದನ್ನು ನನ್ನ ಕೈಗೆ ಕೊಟ್ಟರು. ರೈಲಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಕಿಟಕಿಯಾಚೆ ಗದ್ದೆ, ಬಿಸಿಲು, ಕೊಕ್ಕರೆ, ಎಲ್ಲ ಯಾರೋ ಕಂಡ ಕನಸಿನ ಹಾಗೆ ಹಿಂದಕ್ಕೆ ಹೋದವು. ಸ್ಟೇಷನ್ನಿನಿಂದ ಮನೆಗೆ ಹೋಗಲಿಲ್ಲ, ನೇರ ಮಂಡಿಗೆ ಹೋದೆ. ದೊಡ್ಡಪ್ಪ ಕಾಯಿಯ ರಾಶಿಯ ನಡುವೆ ಕೂತು ಸುಲಿಯುತ್ತಿದ್ದರು. ಮೈಯೆಲ್ಲ ನಾರಿನ ಪುಡಿ.

“ದೊಡ್ಡಪ್ಪ, ತಗೊಳ್ಳಿ” ಎಂದು ಮುಂದೆ ಹಿಡಿದೆ.

ಅವರು ಎದ್ದು ನಿಂತರು. ಕಾಗದವನ್ನು ನೋಡಿದರು, ಆದರೆ ತೆಗೆದುಕೊಳ್ಳಲಿಲ್ಲ.

“ಇರವ್ವ,” ಎಂದರು, “ಕೈ ತೊಳ್ಕಂಡ್ ಬತ್ತೀನಿ.”